ಎಲ್ಲ ಜ್ವರಕ್ಕೂ ಒಂದೇ ಹೆಸರಿಟ್ಟ ವಿಡಾಲ್ ಸಾಹೇಬರಿಗೆ

ಗೊಬ್ಬೂರ (ಬಿ)
ತಾ. ಅಫಜಲಪುರ, ಜಿ. ಕಲಬುರಗಿ

ಸನ್ಮಾನ್ಯ ವಿಡಾಲ್ ಪರೀಕ್ಷೆ ಸಾಹೇಬರಿಗೆ ಶರಣು ಶರಣಾರ್ಥಿ.

ಇತ್ತ ನಾವೆಲ್ಲ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಪತ್ರ ಶುರು ಮಾಡುವುದು ಹಿರಿಯರ ಪದ್ಧತಿ. ತಾವು ಕ್ಷೇಮವಾಗಿರುವುದು ಊರಿಗೆಲ್ಲ ಗೊತ್ತು. ರಸ್ತೆ ಬದಿಯ ಒಂದೇ ಶಟರಿನ ಲ್ಯಾಬಿನಿಂದ ಹಿಡಿದು ಜಿಲ್ಲಾ ಕೇಂದ್ರದ ಎ.ಸಿ. ಲ್ಯಾಬಿನವರೆಗೆ ತಮ್ಮ ಪುಟ್ಟ ಬಾಟಲಿಗಳು ಕೂಡದ ಫ್ರಿಜ್ಜೇ ಇಲ್ಲ. ನಮ್ಮ ಕ್ಷೇಮದ ಸುದ್ದಿಯನ್ನು ಮಾತ್ರ ನಾವು ಬರೆಯುವಂತಿಲ್ಲ. ಯಾರಿಗೆ ಏನಾಗಿದೆ ಎಂದು ಹೇಳುವ ಹಕ್ಕನ್ನು ಈ ಭಾಗದ ಜನ ಎಂದೋ ತಮ್ಮ ಹೆಸರಿಗೆ ಖಾತೆ ಮಾಡಿಕೊಟ್ಟಾಗಿದೆ.

ಮೊದಲು ತಮ್ಮ ವಂಶಾವಳಿಗೆ ಗೌರವ ಸಲ್ಲಿಸುತ್ತೇನೆ. 1896ರಲ್ಲಿ ಪ್ಯಾರಿಸಿನ ವೈದ್ಯ ಫರ್ನಾಂಡ್ ವಿಡಾಲ್ ತಮಗೆ ಜನ್ಮ ಕೊಟ್ಟರು. ಟೈಫಾಯಿಡ್ ಆದವನ ರಕ್ತದ ತಿಳಿಗೆ ಟೈಫಾಯಿಡ್ ಸೂಕ್ಷ್ಮಾಣುಗಳನ್ನು ಬೆರೆಸಿದರೆ ಅವು ಗುಂಪುಗೂಡಿ ಹರಳುಗಟ್ಟುತ್ತವೆ ಎಂದು ಅವರು ತೋರಿಸಿಕೊಟ್ಟಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಜೊತೆಗೆ ತಮ್ಮ ಶಾಸ್ತ್ರದಲ್ಲಿ ಒಂದೆರಡು ಷರತ್ತೂ ಇದ್ದವು. ಒಂದೇ ಸಲದ ರಕ್ತ ನೋಡಿ ತೀರ್ಪು ಕೊಡಬಾರದು, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ ನೋಡಿ ಹರಳುಗಟ್ಟುವಿಕೆ ಅಳೆಯುವ ಸಂಖ್ಯೆ ನಾಲ್ಕು ಪಟ್ಟು ಏರಿದೆಯೇ ಎಂದು ಹೋಲಿಸಬೇಕು. ಟೈಫಾಯಿಡ್ ಮನೆಮಾಡಿಕೊಂಡ ಸೀಮೆಯಲ್ಲಿ ಹಳೆಯ ಸೋಂಕಿನ ನೆನಪಿಗೇ ಸೂಕ್ಷ್ಮಾಣುಗಳು ಹರಳುಗಟ್ಟಬಹುದು, ಬೇರೆ ಜ್ವರಗಳಲ್ಲೂ ಹಾಗಾಗಬಹುದು. ಖಾತ್ರಿ ಬೇಕಾದರೆ ರಕ್ತವನ್ನು ಕಲ್ಚರಿಗೆ ಹಾಕಿ, ಸೂಕ್ಷ್ಮಾಣುವನ್ನೇ ಬೆಳೆಸಿ ನೋಡಬೇಕು. ಈ ಷರತ್ತುಗಳನ್ನೆಲ್ಲ ನಾವು ಪ್ಯಾರಿಸಿನಲ್ಲೇ ಬಿಟ್ಟು ತಮ್ಮನ್ನು ಮಾತ್ರ ಕರೆತಂದೆವು. ಚೀಟಿಯಲ್ಲಿ ‘ಓ’ ಎದುರಿಗೆ 1:160, ‘ಎಚ್’ ಎದುರಿಗೆ 1:160 ಎಂದು ಬಂದರೆ ಸಾಕು, ‘ಟೈಫಾಯಿಡ್ ಆಗೇದ್ರೀ’ ಎಂಬ ಮಾತು ಬಂದೇ ಬರುತ್ತದೆ, ಅದರ ಬೆನ್ನಿಗೇ ಸಲೈನ್ ಹಚ್ಚುತ್ತಾರೆ, ಸೂಜಿ ಮಾಡುತ್ತಾರೆ.

ಸಾಹೇಬರೇ, ತಮ್ಮ ದರ್ಬಾರಿಗೆ ಪದೇ ಪದೇ ಹಾಜರಾಗುವ ಒಂದು ಬಗೆಯ ರೋಗಿ ತಮ್ಮ ಗಮನಕ್ಕೆ ಬಂದಿರಬಹುದು. ಕುರಿ ಮೇಯಿಸುವವನೋ ಆಡು ಕಟ್ಟಿದ ಮನೆಯ ಹೆಣ್ಣುಮಗಳೋ ಆಗಿರುತ್ತಾರೆ. ಹೊತ್ತು ಇಳಿದಂತೆ ಮೈ ಸುಡುತ್ತದೆ, ರಾತ್ರಿ ಕೌದಿ ತೊಯ್ಯುವಷ್ಟು ಬೆವರು. ಬೆಳಗಾದರೆ ಜ್ವರ ಇಳಿದು, ಅರೆಜೀವದಲ್ಲೇ ಕುರಿ ಬಿಟ್ಟುಕೊಂಡು ಹೋಗುವಷ್ಟು ಕಸುವು ಬರುತ್ತದೆ. ನಡ ಹಿಡಿಯುತ್ತದೆ, ಮೊಣಕಾಲು ಬಾಯುತ್ತದೆ, ಊಟ ಸೇರುವುದಿಲ್ಲ. ಊರಿನವರು ಇದಕ್ಕೆ ಒಳಜ್ವರ ಎನ್ನುತ್ತಾರೆ. ತಾವು ಟೈಫಾಯಿಡ್ ಎನ್ನುತ್ತೀರಿ. ಏಳು ದಿನದ ಸೂಜಿ ಮುಗಿಯುವ ಹೊತ್ತಿಗೆ ಜ್ವರ ಇಳಿಯುತ್ತದೆ. ಎಲ್ಲರೂ ತಮಗೆ ಕೈಮುಗಿಯುತ್ತಾರೆ. ಕೆಲವು ವಾರ ಬಿಟ್ಟು ಜ್ವರ ಮತ್ತೆ ಬರುತ್ತದೆ. ‘ಟೈಫಾಯಿಡ್ ತಿರುಗಿ ಬಂತು’ ಎನ್ನುತ್ತೀರಿ. ಮತ್ತೆ ಸೂಜಿ, ಮತ್ತೆ ಇಳಿತ. ಮೂರನೆಯ ಸಲಕ್ಕೆ ‘ರಕ್ತದಾಗ ಟೈಫಾಯಿಡ್ ಉಳದುಬಿಟ್ಟದ’ ಎಂಬ ಹೊಸ ಶಾಸ್ತ್ರವೇ ಹುಟ್ಟುತ್ತದೆ.

ಆ ಜ್ವರದ ಸ್ವಭಾವವೇ ಅಲೆಯಂಥದ್ದು ಎಂಬುದನ್ನು ತಾವು ಯಾರಿಗೂ ಹೇಳಲಿಲ್ಲ. ಸರಿಯಾದ ಔಷಧ ಬೀಳದಿದ್ದರೆ ಅದು ಕೆಲವು ವಾರ ಏರಿ, ತಾನಾಗಿ ಇಳಿದು, ಮತ್ತೆ ಏರುತ್ತದೆ. ಇಳಿಯುವ ಹೊತ್ತಿಗೆ ಯಾರ ಸೂಜಿ ಚುಚ್ಚಿರುತ್ತದೋ ಅವರಿಗೆ ಕೀರ್ತಿ. ತಪ್ಪು ಔಷಧವನ್ನು ಸರಿ ಎಂದು ಸಾಬೀತು ಮಾಡಲು ಇಷ್ಟು ಒತ್ತಾಸೆಯಾಗಿ ನಿಲ್ಲುವ ರೋಗ ಇನ್ನೊಂದಿರಲಾರದು. ಅದರ ಹೆಸರು ಬ್ರುಸೆಲ್ಲೋಸಿಸ್. ದನದ ದವಾಖಾನೆಯಲ್ಲಿ ಅದಕ್ಕೆ ಕಂದುರೋಗ ಎನ್ನುತ್ತಾರೆ. ಗಬ್ಬದ ಹಸು, ಎಮ್ಮೆ, ಆಡು, ಕುರಿ ದಿನ ತುಂಬುವ ಮುನ್ನ ಕಂದು ಹಾಕುವುದು ಅದರ ಗುರುತು. ಅದೇ ರೋಗ ಮನುಷ್ಯನಿಗೆ ಬಂದು ಮನುಷ್ಯರ ದವಾಖಾನೆಯ ಮೆಟ್ಟಿಲು ಹತ್ತಿದರೆ ಅದರ ಹೆಸರು ಅಳಿಸಿ ತಮ್ಮ ಹೆಸರು ಬರೆಯಲಾಗುತ್ತದೆ.

ತಮಗೆ ಒಬ್ಬ ತಮ್ಮನಿದ್ದಾನೆ, ನೆನಪಿದೆಯೇ? ತಾವು ಹುಟ್ಟಿದ ಮರುವರ್ಷವೇ, 1897ರಲ್ಲಿ, ಇಂಗ್ಲೆಂಡಿನ ಸೈನ್ಯದ ವೈದ್ಯಕೀಯ ಶಾಲೆಯ ಆಲ್ಮ್ರೋತ್ ರೈಟ್ ಮತ್ತು ಸಂಗಡಿಗರು ತಮ್ಮದೇ ಯುಕ್ತಿಯನ್ನು ಈ ಜ್ವರಕ್ಕೆ ಹೊಂದಿಸಿದರು. ಅದೇ ರಕ್ತದ ತಿಳಿ, ಅದೇ ಹರಳುಗಟ್ಟುವಿಕೆ. ಬಾಟಲಿಯಲ್ಲಿರುವ ಸೂಕ್ಷ್ಮಾಣು ಮಾತ್ರ ಬೇರೆ. ಇವತ್ತು ಅವನ ಪೈಕಿ ರೋಸ್ ಬೆಂಗಾಲ್ ಎಂಬ ಪರೀಕ್ಷೆಯೂ ಇದೆ. ಗುಲಾಬಿ ಬಣ್ಣದ ಒಂದು ಹನಿ, ರೋಗಿಯ ರಕ್ತದ ತಿಳಿಯ ಒಂದು ಹನಿ, ನಾಲ್ಕು ನಿಮಿಷ ಅಲ್ಲಾಡಿಸಿ ನೋಡುವುದು. ಅದರಲ್ಲಿ ಹರಳು ಕಂಡರೆ ಟ್ಯೂಬಿನ ಪರೀಕ್ಷೆಯಲ್ಲಿ ಸಂಖ್ಯೆ ಅಳೆದು, ಸಾಧ್ಯವಿದ್ದರೆ ರಕ್ತದ ಕಲ್ಚರ್ ಮಾಡಿಸಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅಣ್ಣ ಪ್ರತಿ ಲ್ಯಾಬಿನ ಹೊಸಿಲಲ್ಲಿ ಕೂತಿದ್ದೀರಿ. ತಮ್ಮನನ್ನು ಮಾತ್ರ ಹೆಸರು ಹಿಡಿದು ಕರೆಯಬೇಕು. ಕರೆಯುವವರಿಲ್ಲ.

ಯಾಕೆ ಕರೆಯುವವರಿಲ್ಲ ಎಂದರೆ ಕರೆಯುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ‘ಮನೆಯಾಗ ಆಡು, ಕುರಿ, ಎಮ್ಮಿ ಅದಾವೇನು? ಯಾವುದರೆ ಕಂದು ಹಾಕೇದೇನು? ಹಾಲು ಕಾಸಿ ಕುಡೀತೀರೋ ಹಸೀದೇ ಕುಡೀತೀರೋ?’ ಅರ್ಧ ನಿಮಿಷದ ಪ್ರಶ್ನೆ. ಇದಕ್ಕೆ ಯಂತ್ರ ಬೇಡ, ಫ್ರಿಜ್ ಬೇಡ, ಫೀಸೂ ಇಲ್ಲ. ಫೀಸಿಲ್ಲದ್ದಕ್ಕೇ ಅದು ಚೀಟಿಯಲ್ಲಿ ಜಾಗ ಪಡೆಯಲಿಲ್ಲವೋ ಏನೋ.

ಈ ಪ್ರಶ್ನೆಯ ಬೆಲೆ ಮಾಲ್ಟಾ ದ್ವೀಪದವರಿಗೆ ಗೊತ್ತು. ಅಲ್ಲಿ ಠಾಣ್ಯ ಹೂಡಿದ್ದ ಬ್ರಿಟಿಷ್ ಸಿಪಾಯಿಗಳು ತಿಂಗಳುಗಟ್ಟಲೆ ಇದೇ ಏರಿಳಿವ ಜ್ವರದಲ್ಲಿ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ ಸತ್ತ ಸಿಪಾಯಿಯ ಗುಲ್ಮದಲ್ಲಿ ಸೂಕ್ಷ್ಮಾಣುವನ್ನು ಹಿಡಿದರು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಅಲ್ಲಿಯವರೇ ಆದ ಡಾ. ಥೆಮಿಸ್ಟೊಕ್ಲಿಸ್ ಜಮಿತ್ ಆಡುಗಳ ರಕ್ತ ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ನೋಡಲು ಗಟ್ಟಿಮುಟ್ಟಾಗಿದ್ದ, ಮನೆ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಅಲ್ಲೇ ಕರೆದುಕೊಡುತ್ತಿದ್ದ ಆಡುಗಳ ಹಾಲಿನಲ್ಲೇ ಜ್ವರವಿತ್ತು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಾಲು ಬಂದ್ ಆಯಿತು, ದಂಡಿನಲ್ಲಿ ಜ್ವರ ಕುಸಿಯಿತು. ಊರವರಿಗೆ ಮಾತ್ರ ಅಂಥ ಹುಕುಂ ಬರಲಿಲ್ಲ. ಅವರ ಜ್ವರ ದಶಕಗಳ ಕಾಲ ಮುಂದುವರಿಯಿತು.

ನಮ್ಮದು ಮಾಲ್ಟಾಕ್ಕಿಂತ ಮುಂದುವರಿದ ಊರು. ಇಲ್ಲಿ ಆಡು ಬಾಗಿಲಿಗೆ ಬರಬೇಕಿಲ್ಲ, ಮನೆಯೊಳಗೇ ಇರುತ್ತದೆ. ಚಳಿಗಾಲದಲ್ಲಿ ಮರಿಗಳು ನಮ್ಮ ಜೊತೆಗೇ ಮಲಗುತ್ತವೆ. ಬಡಕಲು ಹುಡುಗನಿಗೆ ಆಡಿನ ನೊರೆಹಾಲು ಕೆಚ್ಚಲಿನಿಂದ ನೇರ ಲೋಟಕ್ಕೆ ಕರೆದು ಕುಡಿಸುತ್ತೇವೆ, ಕಾಸಿದರೆ ಕಸುವು ಹೋಗುತ್ತದೆ ಎಂದು ನಂಬಿ. ಆಡು ಕಂದು ಹಾಕಿದರೆ ಬರಿಗೈಯಲ್ಲಿ ಎತ್ತಿ ತಿಪ್ಪೆಗೆ ಒಗೆಯುತ್ತೇವೆ. ಅಲ್ಲಿಂದ ನಾಯಿಗಳು ಓಣಿ ತುಂಬ ಎಳೆದಾಡುತ್ತವೆ. ಸತ್ತೆ ಬೀಳದಿದ್ದರೆ ಕೈ ಹಾಕಿ ತೆಗೆಯುತ್ತೇವೆ, ಕೈಯ ಬೆರಳಿಗೆ ತೊಗರಿಕಟ್ಟಿಗೆ ಗೀರಿದ ಗಾಯವಿದ್ದರೂ. ಕಂದು ಹಾಕುವಾಗ ಹರಿಯುವ ನೀರಿನಲ್ಲಿ, ಆ ಸತ್ತೆಯಲ್ಲಿ ಸೂಕ್ಷ್ಮಾಣುಗಳು ಕೋಟಿಗಟ್ಟಲೆ ಇರುತ್ತವೆ. ಗಾಯದಿಂದ, ಕಣ್ಣಿನಿಂದ, ಉಸಿರಿನಿಂದಲೂ ಒಳಗೆ ಹೋಗುತ್ತವೆ. ಕಂದು ಹಾಕಿದ ಎಮ್ಮೆ ಮುಂದಿನ ಸಲ ಸರಿಯಾಗಿಯೇ ಈಯಬಹುದು. ರೋಗ ಹೋಯಿತೆಂದು ನಾವು ತಿಳಿಯುತ್ತೇವೆ, ಅದು ಹಾಲಿನಲ್ಲಿ ಹಂಚುತ್ತಲೇ ಇರುತ್ತದೆ. ಗುಮಾನಿ ಬಂದರೆ ಸಂತೆಗೆ ಹೊಡೆದು ಮಾರುತ್ತೇವೆ. ಹೀಗೆ ರೋಗವೂ ಕೈಯಿಂದ ಕೈಗೆ ರೊಕ್ಕದ ಜೊತೆ ದಾಟುತ್ತದೆ.

ಇದೆಲ್ಲ ಎಲ್ಲೋ ಪುಸ್ತಕದಲ್ಲಿ ಓದಿದ ರೋಗ, ನಮ್ಮ ಕಡೆ ಇಲ್ಲ ಎಂದು ತಾವು ವಾದಿಸಬಹುದು. ನಮ್ಮ ತಾಲ್ಲೂಕಿನ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ಆಚೆ ದಂಡೆ ವಿಜಯಪುರ ಜಿಲ್ಲೆ. ಅದಿನ್ನೂ ಬಿಜಾಪುರವಾಗಿದ್ದಾಗ ಅಲ್ಲಿನ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣು ತಜ್ಞ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಪಟ್ಟುಹಿಡಿದು ಈ ರೋಗವನ್ನು ಹುಡುಕಿದರು. 2004ರಲ್ಲಿ ಮಕ್ಕಳ ಬಗ್ಗೆ ಅವರು ಪ್ರಕಟಿಸಿದ ಲೇಖನದಲ್ಲಿ 93 ಮಕ್ಕಳಿದ್ದಾರೆ. 2006ರಲ್ಲಿ ದೊಡ್ಡವರ ಬಗ್ಗೆ ಬರೆದ, 16 ವರ್ಷಗಳ ಅನುಭವದ ಲೇಖನದಲ್ಲಿ 495 ಜನ. ಅವರ ಲ್ಯಾಬಿನಲ್ಲಿ ಹೆಚ್ಚಾಗಿ ಬೆಳೆದದ್ದು ಆಡು-ಕುರಿಗಳ ಜಾತಿಯ ಬ್ರುಸೆಲ್ಲಾ ಮೆಲಿಟೆನ್ಸಿಸ್, ಮನುಷ್ಯರನ್ನು ಎಲ್ಲಕ್ಕಿಂತ ಜೋರಾಗಿ ಕಾಡುವ ಜಾತಿ. ಮಕ್ಕಳ ಲೇಖನ ಬರೆದವರ ಪಟ್ಟಿಯಲ್ಲಿ ‘ಗೊಬ್ಬೂರ’ ಎಂಬ ಅಡ್ಡಹೆಸರೂ ಇದೆ. ಆ ಮನೆತನ ಈ ಗೊಬ್ಬೂರದ್ದೋ ಇನ್ನಾವ ಗೊಬ್ಬೂರದ್ದೋ, ಅಂತೂ ಊರಿನ ಹೆಸರು ರೋಗವನ್ನು ಹುಡುಕಿಕೊಂಡು ವಿದೇಶದ ವೈದ್ಯ ಪತ್ರಿಕೆಯವರೆಗೆ ಹೋಯಿತು. ರೋಗದ ಹೆಸರು ಇನ್ನೂ ಊರಿಗೆ ಬಂದಿಲ್ಲ. ಹೊಳೆ ಆಚೆ ನೂರಾರು ಜನಕ್ಕೆ ಬಂದು, ಈಚೆ ಒಬ್ಬರಿಗೂ ಬಾರದಿರಲು ಈ ಸೂಕ್ಷ್ಮಾಣು ಜಿಲ್ಲಾ ಗಡಿಯ ನಕ್ಷೆ ಓದಿಕೊಂಡಿರಬೇಕು.

ಮಕ್ಕಳ ವಿಷಯದಲ್ಲಿ ತಮ್ಮ ಕೆಲಸ ಇನ್ನೂ ಸಲೀಸು. ಮಗು ನಡ ನೋಯುತ್ತದೆಂದು ಹೇಳುವುದಿಲ್ಲ, ಸುಮ್ಮನೆ ಕುಂಟುತ್ತದೆ. ಟೊಂಕದ ಕೀಲೋ ಮೊಣಕಾಲೋ ಬಾತಿರುತ್ತದೆ. ಸಾಲಿಗೆ ಹೋಗಲು ಒಲ್ಲೆ ಎನ್ನುತ್ತದೆ. ಮಾಸ್ತರರು ಮೈಗಳ್ಳ ಎನ್ನುತ್ತಾರೆ. ಜ್ವರ ಬರುತ್ತದೆ, ಹೋಗುತ್ತದೆ, ತೂಕ ಏರುವುದಿಲ್ಲ. ಆಗ ಅಜ್ಜಿ ಮರುಕದಿಂದ ಇನ್ನಷ್ಟು ನೊರೆಹಾಲು ಕುಡಿಸುತ್ತಾಳೆ.

ತಾವು ಕೈಚೆಲ್ಲಿದ ಮೇಲೂ ರೋಗಿಗೆ ಬಿಡುಗಡೆಯಿಲ್ಲ. ತಮ್ಮ ನೆಂಟರ ಸರದಿ ಬರುತ್ತದೆ. ಕೀಲು ನೋವಿದ್ದರೆ ‘ಸಂಧಿವಾತ’. ಬೆನ್ನುಮೂಳೆ ಸವೆದಂತೆ ಎಕ್ಸ್‌ರೇಯಲ್ಲಿ ಕಂಡರೆ ‘ಮೂಳೆ ಟಿಬಿ’. ಇಲ್ಲೊಂದು ಸ್ವಾರಸ್ಯವಿದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಬ್ರುಸೆಲ್ಲಾವನ್ನೂ ಸ್ವಲ್ಪ ಅಡಗಿಸುತ್ತದೆ. ರೋಗಿ ತುಸು ಚೇತರಿಸಿಕೊಂಡರೆ ಟಿಬಿ ಎಂಬ ತೀರ್ಪಿಗೆ ಪುರಾವೆ ಸಿಕ್ಕಿತು. ವೃಷಣ ಬಾತ ಗಂಡಸು ನಾಚಿಕೆಯಿಂದ ಯಾರಿಗೂ ತೋರಿಸುವುದಿಲ್ಲ. ಅಪರೂಪಕ್ಕೆ ಸೋಂಕು ಹೃದಯದ ಕವಾಟಕ್ಕೋ ಮಿದುಳಿಗೋ ಏರುತ್ತದೆ. ಈ ರೋಗದಲ್ಲಿ ಸಾವು ಕಡಿಮೆ, ಆದರೆ ಬಂದರೆ ಹೆಚ್ಚಾಗಿ ಹೃದಯದ ದಾರಿಯಲ್ಲೇ ಬರುತ್ತದೆ. ಎಲ್ಲ ಚೀಟಿಗಳೂ ಬರಿದಾದ ಮೇಲೆ ಉಳಿಯುವುದು ಕೊನೆಯ ಹೆಸರು: ‘ಇಕಿಗೆ ಏನೂ ಆಗಿಲ್ಲ, ಎಲ್ಲಾ ಮನಸ್ಸಿನ ಬ್ಯಾನಿ.’

ಈ ಮಾತನ್ನು ಕೇಳಿಸಿಕೊಂಡವರಲ್ಲಿ ಒಬ್ಬಾಕೆ ದೊಡ್ಡ ವಿಜ್ಞಾನಿ. ಹಸುವಿನ ಕಂದುರೋಗದ ಸೂಕ್ಷ್ಮಾಣು, ಮಾಲ್ಟಾ ಜ್ವರದ ಸೂಕ್ಷ್ಮಾಣು ಎರಡೂ ಒಂದೇ ಮನೆತನದವು, ಹಸಿಹಾಲು ಅಪಾಯಕಾರಿ ಎಂದು 1918ರಲ್ಲಿ ಸಾರಿದ ಅಮೆರಿಕದ ಆಲಿಸ್ ಇವಾನ್ಸ್. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತು ಎಂದು ಪಂಡಿತರು ಆಗ ತಲೆಕೆಡಿಸಿಕೊಳ್ಳಲಿಲ್ಲ. 1922ರಲ್ಲಿ ಲ್ಯಾಬಿನ ಕೆಲಸದಲ್ಲಿ ಆಕೆಗೇ ಸೋಂಕು ತಗುಲಿತು. ಬಂದು ಹೋಗುವ ಜ್ವರ ವರ್ಷಾನುಗಟ್ಟಲೆ ಕಾಡಿತು. ರೋಗದ ಪಂಡಿತೆಗೇ ನರದೌರ್ಬಲ್ಯ ಎಂಬ ಹಣೆಪಟ್ಟಿ ಅಂಟಿತು. 1928ರಲ್ಲಿ ಶಸ್ತ್ರಚಿಕಿತ್ಸೆಯೊಂದರಲ್ಲಿ ಸೋಂಕು ಕಣ್ಣಿಗೇ ಕಂಡ ಮೇಲಷ್ಟೇ ಆಕೆ ಸುಳ್ಳು ರೋಗಿ ಅಲ್ಲವೆಂದಾಯಿತು. ಆಲಿಸ್ ಇವಾನ್ಸ್ ಅವರಿಗೇ ಈ ಮರ್ಯಾದೆಯಾದರೆ, ದಡ್ಡಿ ಬಳಿಯುವ ನಮ್ಮ ಅಕ್ಕ-ತಂಗಿಯರ ಪಾಡನ್ನು ತಾವೇ ಊಹಿಸಿ.

ಇದೇ ಅಮೆರಿಕದಲ್ಲಿ, ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತ 1975ರಲ್ಲಿ ಮಕ್ಕಳ ಮೊಣಕಾಲು ಗುಂಪುಗುಂಪಾಗಿ ಬಾತಾಗ ಪಾಲಿ ಮರ್ರೆಯಂಥ ತಾಯಂದಿರು ಲೆಕ್ಕ ಬರೆದಿಟ್ಟು ಸರ್ಕಾರದ ಬಾಗಿಲು ಬಡಿದರು. ಉಣ್ಣಿಯಿಂದ ಹರಡುವ ಆ ರೋಗದ ಸೂಕ್ಷ್ಮಾಣು 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಕೈಗೆ ಸಿಕ್ಕಿತು. ಇವತ್ತು ಊರಿನ ಹೆಸರೇ ರೋಗದ ಹೆಸರು. ಅಲ್ಲಿ ಈಗಿನ ಜಗಳ ಮುಂದಿನ ಮಜಲಿನದು: ಔಷಧ ಮುಗಿದ ಮೇಲೂ ಉಳಿಯುವ ದಣಿವು, ಕೀಲುನೋವಿಗೆ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಡುತ್ತಲೇ ಇರಬೇಕೇ? ಕಟ್ಟುನಿಟ್ಟಾಗಿ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಅದರಿಂದ ಅಪಾಯಕ್ಕೆ ತಕ್ಕ ಲಾಭ ಕಾಣಲಿಲ್ಲ. ಬ್ರುಸೆಲ್ಲಾದಲ್ಲೂ ಇದೇ ಜಗಳ ಹಳೆಯದು. ಹಳೆ ಬ್ರುಸೆಲ್ಲೋಸಿಸ್ ಎಂದರೆ ಏನು ಎಂದು ಮಿನ್ನೆಸೋಟದ ವೆಸ್ಲಿ ಸ್ಪಿಂಕ್ 1951ರಲ್ಲೇ ಕೇಳಿದ್ದರು. ಸೋಂಕು ಮೂಳೆಯಲ್ಲೋ ಹೃದಯದಲ್ಲೋ ಅಡಗಿ ಕೂತಿದೆಯೇ, ಹೊಸದಾಗಿ ಮರುಕಳಿಸಿದೆಯೇ, ಅಥವಾ ಸೋಂಕು ಹೋಗಿ ನಿತ್ರಾಣ ಮಾತ್ರ ಉಳಿದಿದೆಯೇ ಎಂದು ಬಿಡಿಸಿ ನೋಡಬೇಕು. ನಿತ್ರಾಣವೂ ಸುಳ್ಳಲ್ಲ, ಆದರೆ ಅದಕ್ಕೆ ಮದ್ದು ಮತ್ತೊಂದು ಸೂಜಿಯಲ್ಲ. ನಮಗೆ ಈ ಜಗಳದ ಭಾಗ್ಯ ಇನ್ನೂ ಬಂದಿಲ್ಲ, ಸಾಹೇಬರೇ. ಚಿಕಿತ್ಸೆಯ ನಂತರದ ಮಾತಾಡಲು ಮೊದಲು ಚಿಕಿತ್ಸೆಯಾಗಬೇಕು.

ಚಿಕಿತ್ಸೆ ಇದೆ, ಹಳೆಯದು, ಸೋವಿಯದು. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಆರು ವಾರ. ಅದರ ಜೊತೆಗೆ ಅಷ್ಟೇ ದಿನ ರಿಫಾಂಪಿಸಿನ್ ಗುಳಿಗೆ, ಇಲ್ಲವೇ ಎರಡು-ಮೂರು ವಾರ ಸ್ಟ್ರೆಪ್ಟೊಮೈಸಿನ್ ಸೂಜಿ. ಎಂಟು ವರ್ಷದೊಳಗಿನ ಮಕ್ಕಳ ಹಲ್ಲಿಗೆ ಡಾಕ್ಸಿಸೈಕ್ಲಿನ್ ಕಲೆ ಹಿಡಿಸಬಹುದೆಂದು ಸಾಮಾನ್ಯವಾಗಿ ಕೋ-ಟ್ರೈಮಾಕ್ಸಜೋಲ್ ಮತ್ತು ರಿಫಾಂಪಿಸಿನ್ ಕೊಡುತ್ತಾರೆ, ತೂಕ ನೋಡಿ, ಆರು ವಾರ. ಬಸುರಿಯರ ದಾರಿ ಬೇರೆ. ಗರ್ಭಪಾತದ ಭಯವಿರುವುದರಿಂದ ತಡಮಾಡದೆ ತಜ್ಞರ ಬಳಿ ಹೋಗಬೇಕು. ಬೆನ್ನುಮೂಳೆಗೆ ಇಳಿದಿದ್ದರೆ ಮೂರು ತಿಂಗಳಿಗೂ ಕಡಿಮೆಯಿಲ್ಲ. ಒಂದೇ ಔಷಧ ಸಾಲದು, ಎರಡಿರಬೇಕು. ಒಂದನ್ನೇ ಕೊಟ್ಟರೆ ಅಥವಾ ನಡುವೆ ಬಿಟ್ಟರೆ ರೋಗ ಮರಳುತ್ತದೆ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಹೆದರಿ ಗುಳಿಗೆ ಬಿಡಬಾರದು. ಹತ್ತನೆಯ ದಿನಕ್ಕೇ ಮೈ ಹಗುರಾದರೂ ನಲವತ್ತೆರಡನೆಯ ದಿನದವರೆಗೆ ನುಂಗಬೇಕು. ಇದನ್ನು ಮೆಡಿಕಲ್ ಅಂಗಡಿಯಲ್ಲಿ ಹೆಸರು ಹೇಳಿ ಕೊಂಡು ನುಂಗುವುದಲ್ಲ. ರೋಗ ಖಾತ್ರಿಯಾದ ಮೇಲೆ ಡಾಕ್ಟರು ಬರೆದುಕೊಡಬೇಕು, ಡೋಸು ಅವರು ಹೇಳಬೇಕು. ಏಳು ದಿನದ ಸೂಜಿಯ ಊರಿನಲ್ಲಿ ಆರು ವಾರ ಎಂದರೆ ಒಂದು ಯುಗ ಎಂಬುದು ನನಗೂ ಗೊತ್ತು.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆ ಕಂದುರೋಗವೂ ಇದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಆಕಳದ್ದಿರಲಿ ಎಮ್ಮೆಯದ್ದಿರಲಿ, ಜೀವಮಾನಕ್ಕೊಮ್ಮೆ ಲಸಿಕೆ. ನಮ್ಮ ಕಡೆಯ ಉಸ್ಮಾನಾಬಾದಿ ಆಡು, ದಖನಿ ಕುರಿಗಳ ಹೆಸರು ಈ ಲಸಿಕೆಯ ಪಟ್ಟಿಯಲ್ಲಿಲ್ಲ. ಮನುಷ್ಯನಿಗೆ ಹೆಚ್ಚು ರೋಗ ಕೊಡುವವು ಪಟ್ಟಿಯ ಹೊರಗೇ ಮೇಯುತ್ತಿವೆ. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಲೆಕ್ಕವಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ದನದ ರೋಗದ ಲೆಕ್ಕ ಅಲ್ಲಿ ಸಿಗುತ್ತದೆ. ದನ ಕಾಯುವವನ ರೋಗದ ಲೆಕ್ಕವನ್ನು ತಾವು ಟೈಫಾಯಿಡ್ ಖಾತೆಗೆ ಜಮಾ ಮಾಡಿದ್ದೀರಿ.

ಹೀಗಾಗಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ರಾಜೀನಾಮೆ ಕೊಡಬೇಕಿಲ್ಲ. ಟೈಫಾಯಿಡ್ ಕೂಡ ನಮ್ಮಲ್ಲಿ ನಿಜವಾಗಿಯೇ ಇದೆ. ಎರಡು ವಾರ ದಾಟಿದ ಜ್ವರ, ಸೂಜಿ ಮಾಡಿಸಿದ ಮೇಲೂ ಮರಳಿದ ಜ್ವರ, ಜ್ವರದ ಜೊತೆ ನಡನೋವು ಅಥವಾ ಕುಂಟು ಇದ್ದ ಮಗು, ಇಷ್ಟು ಬಂದಾಗ ತಮ್ಮ ಚೀಟಿಯ ಕೆಳಗೆ ಒಂದು ಸಾಲು ಅಚ್ಚಾಗಲಿ: ‘ಮನೆಯ ದನ-ಕರು, ಆಡು-ಕುರಿಯ ಬಗ್ಗೆ ಕೇಳಿದ್ದೀರಾ? ಬ್ರುಸೆಲ್ಲಾ ನೋಡಿದ್ದೀರಾ?’ ಲ್ಯಾಬಿನಲ್ಲಿ ತಮ್ಮನಿಗೂ ಒಂದು ಕುರ್ಚಿ ಹಾಕಿಸಿ. ಕಲ್ಚರಿಗೆ ರಕ್ತ ಕಳಿಸುವವರು ಬ್ರುಸೆಲ್ಲಾ ಗುಮಾನಿ ಎಂದು ಬರೆದು ಕಳಿಸಲಿ. ಅದು ನಿಧಾನಕ್ಕೆ ಬೆಳೆಯುವ ಸೂಕ್ಷ್ಮಾಣು, ಲ್ಯಾಬಿನವರಿಗೂ ಹತ್ತುವಂಥದ್ದು, ಎಚ್ಚರ ಬೇಕು.

ನಮ್ಮ ಪಾಲಿನ ಕೆಲಸ ನಾವು ಮಾಡುತ್ತೇವೆ. ಹಾಲು ಉಕ್ಕುವವರೆಗೆ ಕಾಸುತ್ತೇವೆ, ಆಡಿನದ್ದಾದರೂ ಎಮ್ಮೆಯದ್ದಾದರೂ. ಮೊಸರು, ಬೆಣ್ಣೆ ಕಾಸಿದ ಹಾಲಿನಿಂದಲೇ. ಕಂದು, ಸತ್ತೆಗಳನ್ನು ಬರಿಗೈಯಲ್ಲಿ ಮುಟ್ಟದೆ ಆಳವಾದ ಗುಂಡಿಗೆ ಸುಣ್ಣ ಹಾಕಿ ಹೂಳುತ್ತೇವೆ. ಬಸುರಿಯರನ್ನೂ ಮಕ್ಕಳನ್ನೂ ಆ ಕೆಲಸಕ್ಕೆ ಹಚ್ಚುವುದಿಲ್ಲ. ಕಂದು ಹಾಕಿದ ದನದ ರಕ್ತ ಪರೀಕ್ಷೆಯಾಗದೆ ಸಂತೆಗೆ ಒಯ್ಯುವುದಿಲ್ಲ. ತಾವು ಈ ಪ್ರಶ್ನೆ ಕೇಳಲು ಶುರುಮಾಡುವವರೆಗೆ ನಾವೇ ಡಾಕ್ಟರ ಮುಂದೆ ಕೂತ ಕೂಡಲೇ, ನಾಲಿಗೆ ತೋರಿಸುವ ಮೊದಲು, ಹೇಳಿಬಿಡುತ್ತೇವೆ: ‘ಸಾಹೇಬ್ರ, ಮನಿಯಾಗ ಆಡು ಅದಾವ್ರೀ, ಒಂದು ಕಂದು ಹಾಕ್ಯದ.’

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂತಿ ತಮ್ಮ ಖಾಯಂ ಗಿರಾಕಿಗಳ ಪರವಾಗಿ,
ಗೊಬ್ಬೂರದ ಒಬ್ಬ ಹಾಲು ಕಾಸುವವ

ತಾ.ಕ.: ಇದೇ ಪತ್ರದ ಒಂದು ಪ್ರತಿಯನ್ನು ದನದ ದವಾಖಾನೆಗೂ ಇನ್ನೊಂದನ್ನು ಮನುಷ್ಯರ ದವಾಖಾನೆಗೂ ಕಳಿಸುತ್ತಿದ್ದೇನೆ. ಎರಡೂ ಕಡೆಯವರು ಒಮ್ಮೆ ಕೂತು ಚಾ ಕುಡಿದರೆ ತಮ್ಮ ಅರ್ಧ ಗಿರಾಕಿಗಳು ಕೈತಪ್ಪುವ ಭಯವಿದೆ. ಚಾದ ಹಾಲು ಹೇಗೂ ಕಾಸಿದ್ದೇ ಇರುತ್ತದೆ.